ಕಾರ್ತಿಕದ ಒಂದು ಹಗಲು, ಹಕ್ಕಿಗಳ ಜಾಡಿನಲ್ಲಿ

ಮಳೆ ಹಿಂದೆ ಸರಿದು, ಕೆರೆಗಳು ತುಂಬಿ ನಿಂತು, ಬೆಳಗಿನ ಜಾವದಲ್ಲಿ ಹೊದಿಕೆ ಮೇಲಕ್ಕೆಳೆದುಕೊಳ್ಳುವಷ್ಟು ಚಳಿ ಶುರುವಾದ ಮೇಲೆ ಒಂದು ದಿನ ಮನೆ ಎದುರಿನ ಚರಂಡಿ ಬದಿಗೆ ಪುಟ್ಟ ಹಕ್ಕಿಯೊಂದು ಬಂದಿಳಿಯುತ್ತದೆ. ಬೂದು ಬೆನ್ನು, ಹಳದಿ ಹೊಟ್ಟೆ, ನಿಂತರೂ ನಡೆದರೂ ಕುಣಿಯುತ್ತಲೇ ಇರುವ ಬಾಲ. ಬೂದು ಕುಂಡೆಕುಸ್ಕ. ಹಿಮಾಲಯದ ತೊರೆಗಳ ಅಂಚಿನಲ್ಲಿ ಮರಿ ಮಾಡಿ, ಅಲ್ಲಿ ಚಳಿ ಬಲಿತು ಹುಳು ಹುಪ್ಪಟೆ ಸಿಗದಂತಾದಾಗ ದಕ್ಷಿಣಕ್ಕೆ ಬರುವ ಅತಿಥಿ. ಅದು ಕಂಡಿತೆಂದರೆ ನಾವು ನಾಲ್ವರು ಗೆಳೆಯರು ಫೋನಿನಲ್ಲಿ ಮಾತಾಡಿಕೊಂಡು ಒಂದು ಭಾನುವಾರವನ್ನು ಗೊತ್ತು ಮಾಡುತ್ತೇವೆ. ಬೆಂಗಳೂರಿನಿಂದ ಕತ್ತಲೆಯಲ್ಲೇ ಹೊರಟು, ಮಂಡ್ಯ ಜಿಲ್ಲೆ ಹಾದು, ನಂಜನಗೂಡು ತಾಲ್ಲೂಕಿನ ಒಂದು ಕೆರೆಯ ಏರಿಯ ಮೇಲೆ ಸೂರ್ಯ ಮುಳುಗುವುದನ್ನು ನೋಡುವವರೆಗೆ ನಮ್ಮ ದಿನ.

ಹಲವು ವರ್ಷ ಇದೇ ದಾರಿಯಲ್ಲಿ ಓಡಾಡಿದ ಮೇಲೆ ನನಗೆ ಮನದಟ್ಟಾದ ಸಂಗತಿ ಒಂದಿದೆ. ಈ ದಾರಿಯ ಐದು ನಿಲ್ದಾಣಗಳಲ್ಲಿ ಒಂದೂ ಕಾಡಲ್ಲ. ಊರ ನಡುವಿನ ಹುಣಸೆ ಮರ, ನಾಲೆ ನೀರಿನ ಗದ್ದೆ, ಹೊಳೆಗೆ ಅಡ್ಡ ಕಟ್ಟಿದ ಹಳೆಯ ಕಟ್ಟೆ, ಎರಡು ಕೆರೆ. ಎಲ್ಲವೂ ಮನುಷ್ಯರು ನೆಟ್ಟದ್ದು, ಕಟ್ಟಿದ್ದು, ಉಳಿಸಿಕೊಂಡದ್ದು. ಸಾವಿರಾರು ಮೈಲಿಯಾಚೆಯ ಹಕ್ಕಿಯ ಬದುಕು ನಮ್ಮ ಕೆರೆಯ ನೀರಿನ ಮೇಲೆ ನಿಂತಿದೆ ಎಂಬುದನ್ನು ಕಣ್ಣಾರೆ ಕಾಣಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ನೀವೂ ಹೊರಡುವುದಾದರೆ ಅನುಕೂಲವಾಗಲೆಂದು ಆ ದಾರಿಯನ್ನು ಇಲ್ಲಿ ಬಿಡಿಸಿ ಹೇಳಿದ್ದೇನೆ.

ಯಾವ ದಿನ ಒಳ್ಳೆಯದು?

ಶರದೃತುವೆಂದರೆ ಆಶ್ವಯುಜ ಮತ್ತು ಕಾರ್ತಿಕ. ವಲಸೆ ಹಕ್ಕಿಗಳೆಲ್ಲ ಒಂದೇ ದಿನ ಬಂದಿಳಿಯುವುದಿಲ್ಲ. ಕುಂಡೆಕುಸ್ಕ, ಎಲೆಗಳ ನಡುವೆ ಹುಳು ಹೆಕ್ಕುವ ಉಲಿಯಕ್ಕಿ, ಕವಲುತೋಕೆ, ಗೊರವಗಳು ಮೊದಲ ಸಾಲಿನವು. ಇವು ಸೆಪ್ಟೆಂಬರ್–ಅಕ್ಟೋಬರ್‌ನಲ್ಲೇ ಕಾಣತೊಡಗುತ್ತವೆ. ಬಾತುಗಳ ಗುಂಪು ಆಮೇಲೆ. ಪಟ್ಟೆತಲೆ ಹೆಬ್ಬಾತು ಎಲ್ಲಕ್ಕಿಂತ ತಡ. ಹಾಗಾಗಿ ನವೆಂಬರ್ ಎರಡನೆಯ ಅರ್ಧ, ಅಂದರೆ ಕಾರ್ತಿಕದ ಕೊನೆಯ ದಿನಗಳು, ಈ ಪ್ರವಾಸಕ್ಕೆ ಹೇಳಿ ಮಾಡಿಸಿದ ಕಾಲ. ದೀಪಾವಳಿಯ ಪಟಾಕಿಯ ಸದ್ದೂ ಆ ಹೊತ್ತಿಗೆ ಅಡಗಿರುತ್ತದೆ. ಪಕ್ಷಿತಜ್ಞ ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು. ಆ ವಾರವನ್ನೇ ಆರಿಸಿಕೊಂಡರೂ ಚೆನ್ನ.

ಇದು ಹಿಂಗಾರು ಮಳೆಯ ಕಾಲವೂ ಹೌದು. ಹೊರಡುವ ಹಿಂದಿನ ದಿನ ಹವಾಮಾನ ನೋಡಿಕೊಳ್ಳಿ. ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಿದ್ದರೆ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ. ಅದನ್ನೂ ಮೊದಲೇ ವಿಚಾರಿಸಿಕೊಂಡರೆ ದಾರಿ ತಪ್ಪದು.

ಮೊದಲ ನಿಲ್ದಾಣ: ಕೊಕ್ಕರೆ ಬೆಳ್ಳೂರು (ಬೆಳಿಗ್ಗೆ 6.30ರಿಂದ 8.15)

ಬೆಂಗಳೂರನ್ನು ನಾಲ್ಕೂವರೆಗೆ ಬಿಟ್ಟರೆ ಸೂರ್ಯ ಹುಟ್ಟುವ ಹೊತ್ತಿಗೆ ಇಲ್ಲಿರಬಹುದು. ಚನ್ನಪಟ್ಟಣ–ಮದ್ದೂರು ನಡುವೆ ಹಳೆಯ ರಸ್ತೆಯಲ್ಲಿ ಸಿಗುವ ರುದ್ರಾಕ್ಷಿಪುರದಿಂದ ಎಡಕ್ಕೆ ಹೊರಳಿದರೆ ಊರು ಸುಮಾರು 12 ಕಿ.ಮೀ. ಎಕ್ಸ್‌ಪ್ರೆಸ್‌ವೇ ಹಿಡಿದವರು ಮೊದಲೇ ಹಳೆಯ ರಸ್ತೆಗೆ ಇಳಿದಿರಬೇಕು. 2023ರ ಆಗಸ್ಟ್‌ನಿಂದ ಬೈಕು, ಆಟೋಗಳಿಗೆ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಬೈಕಿನಲ್ಲಿ ಬರುವ ಗೆಳೆಯರಿಗೆ ಸರ್ವಿಸ್ ರಸ್ತೆಯೇ ದಾರಿ.

ಇಲ್ಲಿ ಹಕ್ಕಿ ನೋಡಲು ಎಲ್ಲಿಗೂ ನಡೆಯಬೇಕಿಲ್ಲ. ಮನೆಗಳ ನಡುವೆ, ಹಿತ್ತಿಲಲ್ಲಿ, ಬೀದಿಯ ತಿರುವಿನಲ್ಲಿ ನಿಂತ ಹುಣಸೆ, ಅತ್ತಿ, ಆಲದ ಮರಗಳ ಮೇಲೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರಿನವರು ಮೊದಲು ಶಿಂಷಾ ಹೊಳೆಯ ದಂಡೆಯಲ್ಲಿದ್ದರು. 1916ರಲ್ಲಿ ಪ್ಲೇಗ್ ಬಂದು ಜಾಗ ಬದಲಿಸಿದಾಗ ಹಕ್ಕಿಗಳೂ ಅವರ ಜೊತೆಯಲ್ಲೇ ಬಂದವೆಂದು ಇಲ್ಲಿ ಹೇಳುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಈ ಊರಿನ ಮಹತ್ವವನ್ನು ಹೊರಜಗತ್ತಿಗೆ ತಿಳಿಸಿದರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು.

ಹಕ್ಕಿ ಕೂರುವ ಹುಣಸೆ ಮರದಿಂದ ಫಸಲು ಇಳಿಸುವ ಹಾಗಿಲ್ಲ. ಆ ನಷ್ಟಕ್ಕೆ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಮರದಡಿ ಬಿದ್ದ ಹಿಕ್ಕೆಯನ್ನು ರೈತರು ಗೊಬ್ಬರವಾಗಿ ಹೊಲಕ್ಕೆ ಹಾಕುತ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಯುವಕರ ಹೆಜ್ಜಾರ್ಲೆ ಬಳಗ ಎತ್ತಿ ಸಾಕಿ ಬೆಳೆಸಿದೆ. ಈ ಲೆಕ್ಕಾಚಾರಗಳಿಗೆಲ್ಲ ಮಿಗಿಲಾದದ್ದು ಊರವರು ಹಕ್ಕಿಯನ್ನು ಕಾಣುವ ಬಗೆ. ಬಾಣಂತನಕ್ಕೆ ತವರಿಗೆ ಬಂದ ಮಗಳೆಂದೇ ಅವರು ಅದನ್ನು ಭಾವಿಸುತ್ತಾರೆ.

ಒಂದು ವಿಷಯ ಮೊದಲೇ ತಿಳಿದಿರಲಿ. ನವೆಂಬರ್‌ನಲ್ಲಿ ಮರಗಳು ತುಂಬಿ ತುಳುಕುತ್ತಿರುವುದಿಲ್ಲ. ಆಗ ಕಾಣುವುದು ಮೊದಮೊದಲು ಬಂದ ಹೆಜ್ಜಾರ್ಲೆಗಳು. ಬಣ್ಣದ ಕೊಕ್ಕರೆಗಳ ಸಂಸಾರ ಜೋರಾಗುವುದು ಜನವರಿಯ ಮೇಲೆ. ಆದರೂ ಕಡ್ಡಿ ಕಚ್ಚಿಕೊಂಡು ಬಂದು, ಮನೆಯ ಹೆಂಚಿನ ಮೇಲೆ ನೆರಳು ಬೀರಿ ಹಾದುಹೋಗುವ ಒಂದೇ ಒಂದು ಹೆಜ್ಜಾರ್ಲೆಯನ್ನು ಕಂಡರೂ ಬಂದದ್ದು ಸಾರ್ಥಕ. ಅದರ ಮೇಲ್ಕೊಕ್ಕಿನ ಅಂಚಿನ ಚುಕ್ಕೆಗಳನ್ನು ದುರ್ಬೀನಿನಲ್ಲಿ ಹುಡುಕಿ.

ಯಾರ ಮನೆಯ ಅಂಗಳಕ್ಕೆ ಕಾಲಿಡುವುದಿದ್ದರೂ ಕೇಳಿ ಕಾಲಿಡಿ. ಹಕ್ಕಿ ನೋಡಲು ಬಂದವರಿಗೆ ಊರವರು ದಾರಿ ತೋರಿಸುತ್ತಾರೆ, ಯಾವ ಮರದಲ್ಲಿ ಏನಿದೆ ಎಂದು ಹೇಳುತ್ತಾರೆ. ಅವರು ಹೇಳುವುದನ್ನು ಕೇಳಿಸಿಕೊಳ್ಳುವ ಪುರುಸೊತ್ತು ಇಟ್ಟುಕೊಳ್ಳಿ. ಹೊರಡುವ ಮುನ್ನ ಅಲ್ಲೇ ಒಂದು ಲೋಟ ಕಾಫಿ ಕುಡಿಯಿರಿ, ಏನಾದರೂ ಕೊಳ್ಳಿ. ಹಕ್ಕಿಯಿಂದ ಊರಿಗೂ ನಾಲ್ಕು ಕಾಸು ಬರಲಿ.

ಎರಡನೆಯದು: ಗದ್ದೆ ಬಯಲಿನ ತಂತಿಗಳು (8.15ರಿಂದ 10)

ಮದ್ದೂರಿನಲ್ಲಿ ವಡೆ, ಇಡ್ಲಿ ಮುಗಿಸಿ ಮತ್ತೆ ಹಳೆಯ ರಸ್ತೆಯಲ್ಲೇ ಮುಂದುವರಿಯಿರಿ. ಶೌಚಾಲಯದ ಅಗತ್ಯವನ್ನು ಇಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಮುಂದೆ ನೆಚ್ಚಬಹುದಾದ ಸೌಕರ್ಯ ಇರುವುದು ರಂಗನತಿಟ್ಟಿನಲ್ಲಿ.

ಮಂಡ್ಯದ ಸುತ್ತ ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ ಹಸಿರಾದ ಗದ್ದೆ, ಕಬ್ಬಿನ ಬಯಲು. ದೊಡ್ಡ ರಸ್ತೆ ಬಿಟ್ಟು ಯಾವುದಾದರೂ ಹಳ್ಳಿಯ ರಸ್ತೆಗೆ ಎರಡು ಕಿ.ಮೀ. ಹೊಕ್ಕು ಬದಿಗೆ ಗಾಡಿ ನಿಲ್ಲಿಸಿ. ಎಕ್ಸ್‌ಪ್ರೆಸ್‌ವೇಯ ಅಂಚಿನಲ್ಲಿ ಮಾತ್ರ ಎಂದೂ ನಿಲ್ಲಬೇಡಿ. ವೇಗದ ವಾಹನಗಳ ನಡುವೆ ಅದು ಪ್ರಾಣಾಪಾಯ.

ಈಗ ಕರೆಂಟಿನ ತಂತಿಯ ಮೇಲೆ ಕಣ್ಣಾಡಿಸಿ. ಹೊಸದಾಗಿ ಹಕ್ಕಿ ನೋಡಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಎಲೆಯ ಮರೆ ಇಲ್ಲ, ಹಕ್ಕಿ ಬಯಲಿಗೇ ಕೂತಿರುತ್ತದೆ. ಕವಲೊಡೆದ ಉದ್ದ ಬಾಲದ ಕಪ್ಪು ಹಕ್ಕಿ ಕಾಜಾಣ. ದಪ್ಪ ತಲೆ, ಕಂದು ಎದೆ, ಹಾರಿದಾಗ ರೆಕ್ಕೆಯಲ್ಲಿ ಎರಡು ಬಗೆಯ ನೀಲಿ ಮಿಂಚಿದರೆ ನೀಲಕಂಠ. ಹಸಿರು ಮೈ, ಗಾಳಿಯಲ್ಲೇ ಜೇನು ಹಿಡಿದು ಮತ್ತೆ ಅದೇ ಜಾಗಕ್ಕೆ ಬಂದು ಕೂರುವುದು ಕಳ್ಳಿಪೀರ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಕಟ್ಟಿಕೊಂಡಂತೆ ಕಾಣುವುದು ಕೀಚುಗ. ಸಾಲಾಗಿ ಕೂತು ಗರಿ ತೀಡಿಕೊಳ್ಳುವ ಕವಲುತೋಕೆಗಳಲ್ಲಿ ಹೆಚ್ಚಿನವು ಚಳಿಗಾಲಕ್ಕಾಗಿ ಉತ್ತರದಿಂದ ಬಂದವು.

ಗದ್ದೆಯ ಬದುವಿನ ಕೆಸರಿನಲ್ಲಿ ಗೊರವಗಳಿರುತ್ತವೆ. ಬೂದು–ಕಂದು ಮೈಯ ಇವುಗಳ ಹೆಸರು ಪತ್ತೆ ಮಾಡುವುದು ಹಳಬರಿಗೂ ಸುಲಭವಲ್ಲ. ಬಣ್ಣದ ಬದಲು ಅಭ್ಯಾಸ ನೋಡಿ. ಬಾಲ ಮೇಲೆ ಕೆಳಗೆ ಆಡಿಸುತ್ತದೆಯೆ? ಎದ್ದು ಹಾರಿದಾಗ ಸೊಂಟದ ಮೇಲೆ ಬಿಳಿ ಕಾಣುತ್ತದೆಯೆ? ಹೇಗೆ ಕೂಗಿತು? ಈ ಮೂರು ಉತ್ತರ ಬರೆದಿಟ್ಟುಕೊಂಡರೆ ಸಂಜೆ ಪುಸ್ತಕ ಬಿಚ್ಚಿದಾಗ ಹೆಸರು ತಾನಾಗಿ ಹತ್ತಿರ ಬರುತ್ತದೆ.

ಮೂರನೆಯದು: ರಂಗನತಿಟ್ಟು (10ರಿಂದ 12.30)

ಶ್ರೀರಂಗಪಟ್ಟಣದಿಂದ ಮೂರ್ನಾಲ್ಕು ಕಿ.ಮೀ. ದೂರ. ಕಾವೇರಿಗೆ ಅಡ್ಡಲಾಗಿ ಕಂಠೀರವ ನರಸರಾಜ ಒಡೆಯರು 1645–48ರ ನಡುವೆ ಕಟ್ಟಿಸಿದ ಒಡ್ಡಿನಿಂದ ಇಲ್ಲಿ ತಿಟ್ಟುಗಳು ರೂಪುಗೊಂಡವು. ನೀರಾವರಿಗೆಂದು ಹಾಕಿದ ಒಡ್ಡು ಹಕ್ಕಿಗಳಿಗೆ ಮನೆಯಾಯಿತು. ಸಲೀಂ ಅಲಿಯವರ ಒತ್ತಾಸೆಯಿಂದ ಮೈಸೂರು ಸಂಸ್ಥಾನ 1940ರಲ್ಲಿ ಇದನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಎಂಬ ಮನ್ನಣೆಯೂ ಸಂದಿತು.

ಇಲ್ಲಿ ಗೂಡುಗಳ ಗದ್ದಲ ಕೇಳಬೇಕೆಂದರೆ ಫೆಬ್ರವರಿಯಿಂದ ಜುಲೈವರೆಗೆ ಬರಬೇಕು. ಶರತ್ಕಾಲದ ರಂಗನತಿಟ್ಟು ಬೇರೆಯೇ. ಮಳೆಗಾಲದ ಕೆಂಪು ಇಳಿದು ಹೊಳೆ ತಿಳಿಯಾಗುತ್ತಿರುತ್ತದೆ, ಜನ ಕಡಿಮೆ, ಬಂಡೆಗಳು ಒಂದೊಂದಾಗಿ ನೀರಿನಿಂದ ತಲೆ ಎತ್ತುತ್ತವೆ. ಆ ಬಂಡೆಗಳೇ ಈ ಋತುವಿನ ರಂಗಸ್ಥಳ. ಕಲ್ಲಿನ ಬಣ್ಣದಲ್ಲೇ ಕರಗಿಹೋಗಿ, ದೊಡ್ಡ ಹಳದಿ ಕಣ್ಣು ಬಿಟ್ಟುಕೊಂಡು ಅಲುಗಾಡದೆ ನಿಂತಿರುವ ಬಂಡೆ ಗೊರವವನ್ನು ಹುಡುಕಿ. ಹಳದಿ ಕೊಕ್ಕಿನ ನದಿ ರೀವ ನೀರಿನ ಮೇಲೆ ತೇಲಿದಂತೆ ಹಾರುತ್ತದೆ. ಮಣ್ಣಿನ ಗೂಡು ಕಟ್ಟುವ ಕವಲುತೋಕೆಗಳ ದೊಡ್ಡ ಗುಂಪು ದೋಣಿಯ ಸುತ್ತಲೇ ಸುಳಿಯುತ್ತದೆ. ಕತ್ತು ಮಾತ್ರ ಹಾವಿನಂತೆ ನೀರಿನಿಂದ ಹೊರಚಾಚಿದ್ದರೆ ಹಾವಕ್ಕಿ. ಅದೇ ಹಕ್ಕಿ ಬಂಡೆಯೇರಿ ರೆಕ್ಕೆ ಹರಡಿ ಒಣಗಿಸುವುದನ್ನೂ ನೋಡಬಹುದು. ನೀರುಕಾಗೆ, ಚಮಚದ ಕೊಕ್ಕು, ಬಾಯ್ಕಳಕ ಕೊಕ್ಕರೆ, ಕೆಂಬರಲು, ಇರುಳು ಬಕ ಇವೂ ಸಿಗುತ್ತವೆ. ಮರದ ತುಂಬ ಜೋತುಬಿದ್ದ ದೊಡ್ಡ ಬಾವಲಿಗಳನ್ನು ಮರೆಯದೆ ನೋಡಿ.

ದೋಣಿ ಏರುವ ಮೊದಲು ಮೂರು ಮಾತು. ಹುಟ್ಟು ಹಾಕುವ ಅಂಬಿಗರಿಗೆ ಇಲ್ಲಿನ ಪ್ರತಿ ಬಂಡೆಯೂ ಗೊತ್ತು, ಅವರನ್ನು ಕೇಳುತ್ತ ಹೋಗಿ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆ ನಿಜವಾದ ಮೊಸಳೆ, ಕೈಯನ್ನು ನೀರಿಗೆ ಇಳಿಬಿಡಬೇಡಿ. ಮಕ್ಕಳನ್ನು ದೋಣಿಯ ನಡುವೆ ಕೂರಿಸಿ. ದೋಣಿ ಇಳಿದ ಮೇಲೆ ಓಡಿ ಹೊರಡದೆ ದಂಡೆಯ ಮರಗಳ ಕೆಳಗೆ ಅರ್ಧ ಗಂಟೆ ಸುಮ್ಮನೆ ಕೂತರೆ ಮಿಂಚುಳ್ಳಿ ತಾನೇ ಹತ್ತಿರ ಬರುತ್ತದೆ.

ನಾಲ್ಕನೆಯದು: ವರುಣ ಕೆರೆ (2.30ರಿಂದ 3.15)

ನಡು ಮಧ್ಯಾಹ್ನ ಹಕ್ಕಿಗೂ ವಿಶ್ರಾಂತಿ, ನೋಡುವವರಿಗೂ ಇರಲಿ. ಮೈಸೂರಿನಲ್ಲಿ ಊಟ ಮಾಡಿ, ಗಾಡಿ ಓಡಿಸುವವರಿಗೆ ಅರ್ಧ ಗಂಟೆ ಕಣ್ಣು ಮುಚ್ಚಲು ಬಿಡಿ. ಕತ್ತಲೆಯಲ್ಲಿ ಎದ್ದು ಹೊರಟವರಿಗೆ ಈ ನಿದ್ದೆ ಊಟದಷ್ಟೇ ಮುಖ್ಯ. ಆಮೇಲೆ ತಿ. ನರಸೀಪುರ ರಸ್ತೆ ಹಿಡಿದರೆ ವರುಣ ಸಿಗುತ್ತದೆ.

ಇಲ್ಲಿ ಮುಕ್ಕಾಲು ಗಂಟೆ ಸಾಕು. ನಾಮದ ಕೋಳಿ, ಗುಳುಮುಳುಕ, ಜಂಬುಕೋಳಿ, ಮೆಟ್ಟುಗಾಲ ಹಕ್ಕಿಗಳನ್ನು ನೋಡಿ. ನೀರಿನ ಎಲೆಗಳ ಮೇಲೆ ನಡೆಯುವ ದೇವನಕ್ಕಿಯನ್ನು ಹೊಸಬರು ಈ ಕಾಲದಲ್ಲಿ ಗುರುತಿಸದೇ ಹೋಗಬಹುದು. ಪುಸ್ತಕದ ಚಿತ್ರದಲ್ಲಿರುವ ಉದ್ದ ಬಾಲ ಗೂಡು ಕಟ್ಟುವ ಕಾಲಕ್ಕೆ ಮಾತ್ರ. ಬಾತುಗಳ ವಿಷಯವೂ ಹಾಗೆಯೇ. ಮರಿ ಮಾಡಿದ ಮೇಲೆ ಗರಿ ಉದುರಿಸಿ ಬರುವ ಗಂಡು ಬಾತುಗಳು ಶರತ್ಕಾಲದಲ್ಲಿ ಹೆಣ್ಣಿನಂತೆಯೇ ಮಂಕಾಗಿರುತ್ತವೆ. ಹಾಗಾಗಿ ಆಕಾರ ನೋಡಿ ಗುರುತಿಸಿ. ಕೊಕ್ಕು ಸೌಟಿನಂತೆ ಅಗಲವಾಗಿದ್ದರೆ ಚಮಚ ಕೊಕ್ಕಿನ ಬಾತು, ಕತ್ತು ಉದ್ದವಾಗಿ ಬಾಲ ಚೂಪಾಗಿದ್ದರೆ ಸೂಜಿಬಾಲದ ಬಾತು.

ಐದನೆಯದು: ಹದಿನಾರು ಕೆರೆ (4ರಿಂದ ಕತ್ತಲಾಗುವವರೆಗೆ)

ನಂಜನಗೂಡು ತಾಲ್ಲೂಕಿನ ಹದಿನಾರು ಊರಿಗೆ ಇತಿಹಾಸದಲ್ಲಿ ದೊಡ್ಡ ಹೆಸರಿದೆ. ದ್ವಾರಕೆಯಿಂದ ಬಂದ ಯದುರಾಯ ಹದಿನಾಡಿನ ಅರಸುಮಗಳ ಕೈಹಿಡಿದು 1399ರಲ್ಲಿ ಮೈಸೂರು ಅರಸುಮನೆತನಕ್ಕೆ ಬುನಾದಿ ಹಾಕಿದನೆಂಬ ಐತಿಹ್ಯ ಈ ನೆಲದ್ದು. ಬಹು ದೂರದಿಂದ ಬಂದು ಇಲ್ಲಿ ನೆಲೆ ಕಂಡವರ ಕಥೆ ಈ ಊರಿಗೆ ಹೊಸದಲ್ಲ. ಈಗ ಪ್ರತಿ ಚಳಿಗಾಲ ಇಲ್ಲಿಗೆ ಬರುವುದು ಪಟ್ಟೆತಲೆ ಹೆಬ್ಬಾತು.

ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ. ಅದೇ ಗುರುತು. ಮಂಗೋಲಿಯಾ, ಟಿಬೆಟ್, ಲಡಾಖಿನ ಎತ್ತರದ ಸರೋವರಗಳ ಬಳಿ ಮರಿ ಮಾಡಿ, ಹಿಮಾಲಯವನ್ನೇ ಹಾರಿ ದಾಟಿ ಬರುವ ಹಕ್ಕಿ ಇದು. ಬೆನ್ನಿಗೆ ಕಟ್ಟಿದ ಉಪಕರಣಗಳಿಂದ ವಿಜ್ಞಾನಿಗಳು ಇದರ ಹಾರಾಟ ಅಳೆದಾಗ 7,290 ಮೀಟರ್ ಎತ್ತರ ದಾಖಲಾಗಿದೆ. ತೆಳುವಾದ ಗಾಳಿಯಿಂದಲೂ ಆಮ್ಲಜನಕವನ್ನು ಸೆಳೆದು ಹಿಡಿದಿಟ್ಟುಕೊಳ್ಳಬಲ್ಲ ರಕ್ತ ಇದರದು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಇದೇ ಕೆರೆಯಲ್ಲಿ ಕಂಡಿವೆ. ಅಂಥ ಹಕ್ಕಿ ಕಂಡರೆ ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ ಮತ್ತು ಅಂಕಿ ಬರೆದುಕೊಳ್ಳಿ, ಸಾಧ್ಯವಾದರೆ ಫೋಟೊ ತೆಗೆಯಿರಿ. ಅದೊಂದು ಅಂಕಿಯಿಂದ ಆ ಹಕ್ಕಿಯ ಪ್ರವಾಸದ ಕಥೆ ಪೂರ್ಣವಾಗುತ್ತದೆ.

ದೊಡ್ಡ ಗುಂಪು ಸೇರುವುದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ. ನವೆಂಬರ್ ಕೊನೆಗೆ ಮೊದಲ ತಂಡ ಸಿಕ್ಕರೆ ನಿಮ್ಮ ಅದೃಷ್ಟ. ಸಿಗದಿದ್ದರೆ ಬಾತು, ಗೊರವ, ಹೆಜ್ಜಾರ್ಲೆಗಳಿದ್ದೇ ಇವೆ. ಹೆಬ್ಬಾತುಗಳು ಹಗಲು ನೀರಿನಲ್ಲಿ, ದಡದಲ್ಲಿ ದಣಿವಾರಿಸಿಕೊಂಡು ಇರುಳಿನಲ್ಲಿ ಗದ್ದೆಗಳಿಗೆ ಮೇಯಲು ಹೋಗುತ್ತವೆ. ಆದ್ದರಿಂದಲೇ ಈ ಕೆರೆಯನ್ನು ದಿನದ ಕೊನೆಗೆ ಇಟ್ಟಿರುವುದು. ಸೂರ್ಯ ಮುಳುಗುವುದು ಆರು ಗಂಟೆಗೆ ತುಸು ಮೊದಲು. ಆ ಹೊತ್ತಿಗೆ ಒಂದು ಹಕ್ಕಿ ಕತ್ತೆತ್ತಿ ಕೂಗುತ್ತದೆ, ಇನ್ನೊಂದು ದನಿಗೂಡಿಸುತ್ತದೆ, ಆಮೇಲೆ ಇಡೀ ಗುಂಪು ಎದ್ದು ತಲೆಯ ಮೇಲೆಯೇ ಹಾದುಹೋಗುತ್ತದೆ. ನಮ್ಮ ನಾಲ್ವರಲ್ಲಿ ಆ ಹೊತ್ತಿಗೆ ಯಾರೂ ಮಾತಾಡುವುದಿಲ್ಲ.

ಏರಿಯ ಮೇಲೆಯೇ ಇರಿ, ಕೆರೆಯಂಗಳಕ್ಕೆ ಇಳಿಯಬೇಡಿ. ಒಮ್ಮೆ ಬೆದರಿ ಎದ್ದ ಗುಂಪು ಮತ್ತೆ ಕೂರುವ ಮುನ್ನ ಹಲವು ಸುತ್ತು ಹಾರುತ್ತದೆ. ಅಷ್ಟು ದೂರದಿಂದ ದಣಿದು ಬಂದ ಹಕ್ಕಿಗೆ ಅದು ದಂಡ.

ಏನೇನು ಒಯ್ಯಬೇಕು?

ದುರ್ಬೀನು: 8x42 ಅಥವಾ 10x42 ಸಾಕು. ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಡ್ಡಳತೆ, ಮಿಲಿಮೀಟರಿನಲ್ಲಿ. ಹೊಸಬರಿಗೆ 8 ಪಟ್ಟಿನದೇ ಹಗುರ, ಕೈ ನಡುಕವೂ ಕಡಿಮೆ ಕಾಣುತ್ತದೆ. ನಾಲ್ವರಿಗೆ ಎರಡಿದ್ದರೂ ನಡೆಯುತ್ತದೆ.

ಪುಸ್ತಕ: ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಕನ್ನಡದ ಹೆಸರುಗಳಿಗೆ ಒಳ್ಳೆಯ ಜೊತೆಗಾರ. ಫೋನಿನಲ್ಲಿ ಮರ್ಲಿನ್ ಆ್ಯಪ್ ಇದ್ದರೆ ಗುರುತಿಸಲು ನೆರವು.

ಇತರೆ: ಮಾಸಲು ಬಣ್ಣದ ಬಟ್ಟೆ, ಟೋಪಿ, ಕೊಡೆ, ಕುಡಿಯುವ ನೀರು, ಚಿಕ್ಕ ಟಿಪ್ಪಣಿ ಪುಸ್ತಕ, ಕಸ ಹಾಕಿಕೊಳ್ಳಲು ಒಂದು ಚೀಲ.

ಕೆಲಸ ಹಂಚಿಕೊಂಡರೆ ದಿನ ಹಗುರ. ಒಬ್ಬರು ಗಾಡಿ, ಒಬ್ಬರು ಪಟ್ಟಿ ಬರೆಯುವುದು, ಒಬ್ಬರು ಹೊತ್ತು ನೋಡಿಕೊಳ್ಳುವುದು, ಒಬ್ಬರು ತಿಂಡಿ. ಓಡಿಸುವವರು ಓಡಿಸುವಾಗ ಹಕ್ಕಿ ನೋಡಬಾರದು. ಇದನ್ನು ನಾವು ಕಟ್ಟುನಿಟ್ಟಾಗಿ ಪಾಲಿಸುತ್ತೇವೆ. ಬೆಳಿಗ್ಗೆಯೂ ಸಂಜೆಯೂ ಸೂರ್ಯ ಬೆನ್ನಿಗಿರುವಂತೆ ನಿಂತರೆ ಬಣ್ಣ ಚೆನ್ನಾಗಿ ಕಾಣುತ್ತದೆ.

ಮಾಡಬಾರದ್ದು

ಫೋನಿನಿಂದ ಹಕ್ಕಿಯ ಕೂಗು ಕೇಳಿಸಿ ಕರೆಯಬೇಡಿ. ಗೂಡಿನ ಹತ್ತಿರ ಹೋಗಬೇಡಿ, ಗೂಡಿರುವ ಜಾಗವನ್ನು ಎಲ್ಲರಿಗೂ ಹಂಚಬೇಡಿ. ಡ್ರೋನ್ ಬೇಡ. ಹಾರುವ ಫೋಟೊ ಬೇಕೆಂದು ಕಲ್ಲು ತೂರಿ, ಚಪ್ಪಾಳೆ ತಟ್ಟಿ ಎಬ್ಬಿಸುವುದಂತೂ ಕೂಡದು.

ಬೇರೆ ಸೀಮೆಯವರಿಗೆ

ಮೈಸೂರಿನಲ್ಲಿ ಉಳಿಯುವವರು ಮರುದಿನ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ನಡೆಯಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಕೆರೆ ಅದು. ಉತ್ತರ ಕರ್ನಾಟಕದ ಓದುಗರು ಇಷ್ಟು ದೂರ ಬರಬೇಕಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೂ ಪಟ್ಟೆತಲೆ ಹೆಬ್ಬಾತು ಬರುತ್ತದೆ. ವಿಜಯನಗರ ಜಿಲ್ಲೆಯ ಅಂಕಸಮುದ್ರವಿದೆ, ಕರಾವಳಿಯವರಿಗೆ ಅಘನಾಶಿನಿಯ ಅಳಿವೆ ಇದೆ. 2024ರಲ್ಲಿ ಈ ಮೂರೂ ರಾಮ್ಸಾರ್ ಪಟ್ಟಿಗೆ ಸೇರಿದವು.

ಪಟ್ಟಿಯನ್ನು ಮನೆಯಲ್ಲಿಟ್ಟುಕೊಳ್ಳಬೇಡಿ

ದಿನದ ಕೊನೆಗೆ ನಿಮ್ಮ ಕೈಯಲ್ಲೊಂದು ಪಟ್ಟಿ ಇರುತ್ತದೆ. ಯಾವ ಹಕ್ಕಿ, ಎಷ್ಟು, ಎಲ್ಲಿ, ಎಷ್ಟು ಹೊತ್ತಿಗೆ. ಅದನ್ನು ಇ-ಬರ್ಡ್ ತಾಣಕ್ಕೆ ಸೇರಿಸಿ. 2023ರಲ್ಲಿ ಹೊರಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಬಗೆಯ ಹಕ್ಕಿಗಳ ಲೆಕ್ಕ ಹಾಕಿದ್ದು ಸುಮಾರು 30 ಸಾವಿರ ಹಕ್ಕಿ ವೀಕ್ಷಕರು ಹೀಗೆ ಬರೆದ ಸುಮಾರು 3 ಕೋಟಿ ದಾಖಲೆಗಳಿಂದ. ವಲಸೆ ಬರುವ ಬಾತು ಮತ್ತು ಗೊರವಗಳು ಕಡಿಮೆಯಾಗುತ್ತಿವೆ ಎಂಬ ಎಚ್ಚರಿಕೆ ಸಿಕ್ಕಿದ್ದೂ ಅದರಿಂದಲೇ. ನಿಮ್ಮ ಪಟ್ಟಿಯೂ ಆ ಲೆಕ್ಕಕ್ಕೆ ಸೇರಬೇಕು.

ಇನ್ನೊಂದು ಕೋರಿಕೆ. ಈ ಪ್ರವಾಸದಿಂದ ಹಿಂತಿರುಗಿದ ಮುಂದಿನ ಭಾನುವಾರ ನಿಮ್ಮದೇ ಊರಿನ ಕೆರೆಯ ಏರಿಯ ಮೇಲೆ ಒಂದು ಗಂಟೆ ನಿಂತು ಹಕ್ಕಿಗಳನ್ನು ಎಣಿಸಿ. ಮುಂದಿನ ತಿಂಗಳು ಮತ್ತೆ ಎಣಿಸಿ. ಕೆರೆಗೆ ಮಣ್ಣು ಸುರಿಯಲು, ಚರಂಡಿ ನೀರು ಬಿಡಲು ಬಂದವರಿಗೆ ತೋರಿಸಲು ನಿಮ್ಮ ಕೈಯಲ್ಲಿ ಆ ಪಟ್ಟಿ ಇರಲಿ. ಕೊಕ್ಕರೆ ಬೆಳ್ಳೂರಿನವರು ತಮ್ಮ ಹುಣಸೆ ಮರ ಬಿಟ್ಟುಕೊಟ್ಟರು. ನಾವು ನಮ್ಮ ಕೆರೆಯನ್ನು ಕೆರೆಯಾಗಿ ಉಳಿಸಿಕೊಂಡರೆ ಸಾಕು, ಮುಂದಿನ ಕಾರ್ತಿಕಕ್ಕೂ ಅತಿಥಿಗಳು ಬರುತ್ತಾರೆ.